ದಮ್ಮಿನ ಲೆಕ್ಕ ಮೊಬೈಲಿನಲ್ಲಿ

ಅಕ್ಕ, ನಿಮಗೆ ದಮ್ಮು ಇದೆಯೇ? ಮನೆಯಲ್ಲಿ ಯಾರಿಗಾದರೂ ಇದೆಯೇ? ನಾವು ಉಬ್ಬಸ, ಗೂರಲು ಅಂತೀವಿ. ಡಾಕ್ಟರು ಆಸ್ತಮಾ ಎನ್ನುತ್ತಾರೆ.

ಎದೆಯೊಳಗೆ ಗಾಳಿ ಹೋಗುವ ಸಣ್ಣ ಸಣ್ಣ ಕೊಳವೆಗಳಿವೆ. ದಮ್ಮು ಇದ್ದವರಿಗೆ ಈ ಕೊಳವೆಗಳ ಒಳಗೆ ಊತ ಇರುತ್ತದೆ. ಒಲೆಯ ಹೊಗೆ, ರಾಗಿ ತೂರುವ ಧೂಳು, ಥಂಡಿ ಗಾಳಿ ತಗುಲಿದರೆ ಅವು ಇನ್ನೂ ಕಿರಿದಾಗುತ್ತವೆ. ಆಗ ಉಸಿರು ಸಿಕ್ಕಿಕೊಳ್ಳುತ್ತದೆ. ಎದೆಯಲ್ಲಿ ಸುಂಯ್ ಸುಂಯ್ ಸದ್ದು ಬರುತ್ತದೆ.

ಇದಕ್ಕೆ ಎಳೆದುಕೊಳ್ಳುವ ಔಷಧಿ ಇದೆ. ಅದೇ ಇನ್‌ಹೇಲರ್. ಜನ ಪಂಪು ಅಂತಾರೆ. ಒಂದು ಪಂಪು ಆ ಗಳಿಗೆಯ ದಮ್ಮು ಇಳಿಸಲು. ಇನ್ನೊಂದು ಊತ ಇಳಿಸಲು. ಎರಡೂ ಕೂಡಿದ್ದೂ ಉಂಟು. ಡಾಕ್ಟರು ದಿನಾ ಎಳೆಯಲು ಹೇಳಿದ್ದನ್ನು ದಮ್ಮು ಇಲ್ಲದ ದಿನವೂ ಎಳೆಯಬೇಕು. ಎಡವಟ್ಟಾಗುವುದು ಇಲ್ಲೇ. "ಈಗ ಆರಾಮಾಗಿದೀನಲ್ಲ, ಯಾಕೆ ಬೇಕು?" ಅಂತ ಬಿಟ್ಟುಬಿಡುತ್ತೇವೆ. ಚಟ ಆಗುತ್ತೆ ಅಂತ ಹೆದರುವವರೂ ಇದ್ದಾರೆ. ಚಟ ಆಗುವುದಿಲ್ಲ. ಬಿಟ್ಟರೆ ಊತ ಒಳಗೊಳಗೇ ಹೆಚ್ಚುತ್ತದೆ. ಒಂದು ನಡುರಾತ್ರಿ ದಮ್ಮು ಏರಿ ಜೀವಕ್ಕೇ ಕುತ್ತು ಬರಬಹುದು.

ನಮ್ಮ ಮರೆವಿಗೆ ಮೊಬೈಲು ಸಹಾಯ ಮಾಡುತ್ತದೆ. ಆಸ್ತಮಾಕ್ಕೆಂದೇ ಆಪ್‌ಗಳಿವೆ. ಅವನ್ನು ಫೋನಿಗೆ ಇಳಿಸಿಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಔಷಧಿ ನೆನಪಿಸುತ್ತವೆ. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ದಮ್ಮು ಇಳಿಸುವ ಪಂಪು ಎಷ್ಟು ಸಲ ಬೇಕಾಯಿತು ಎಂಬ ಲೆಕ್ಕ ಇಡುತ್ತವೆ. ಅದನ್ನು ಡಾಕ್ಟರಿಗೆ ತೋರಿಸಬಹುದು. "ಹೋದ ತಿಂಗಳು ಹೇಗಿತ್ತಮ್ಮ?" ಎಂದು ಅವರು ಕೇಳಿದರೆ ನಮಗೆ ಮೊನ್ನೆಯದೇ ನೆನಪಿರೋದಿಲ್ಲ, ಅಲ್ಲವೇ?

ಊದಿ ನೋಡುವ ಒಂದು ಅಳತೆ ಕೊಳವೆಯೂ ಉಂಟು. ಪೀಕ್ ಫ್ಲೋ ಮೀಟರ್ ಅಂತ ಹೆಸರು. ಜೋರಾಗಿ ಊದಿದರೆ ಮುಳ್ಳು ಅಂಕಿ ತೋರಿಸುತ್ತದೆ. ಚೆನ್ನಾಗಿರುವ ದಿನ ನಿಮಗೆ 400 ಬರುತ್ತದೆ ಎನ್ನಿ. 320ಕ್ಕಿಂತ ಇಳಿದರೆ ಎಚ್ಚರ. 200ಕ್ಕಿಂತ ಇಳಿದರೆ ದಮ್ಮು ಇಳಿಸುವ ಪಂಪು ಎಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಈ ಅಂಕಿಯನ್ನು ದಿನಾ ಆಪ್‌ಗೆ ಹಾಕಿದರೆ ಏರಿಳಿತ ಕಣ್ಣಿಗೆ ಕಾಣುತ್ತದೆ.

ಬಹಳಷ್ಟು ಆಪ್‌ಗಳು ಇಂಗ್ಲಿಷಿನಲ್ಲೇ ಇರುತ್ತವೆ. ಅದೊಂದು ತೊಡಕು. ಆಗದಿದ್ದರೆ ಬಿಡಿ, ಫೋನಿನ ಅಲಾರಂ ಸಾಕು. ಗೋಡೆಯ ಕ್ಯಾಲೆಂಡರಿನಲ್ಲಿ ಔಷಧಿ ಎಳೆದ ದಿನ ಒಂದು ಗೆರೆ, ದಮ್ಮು ಬಂದ ದಿನ ಒಂದು ಚುಕ್ಕೆ ಹಾಕಿ. ಈಗ ನಿಮಗೆ ಬರೆಯಲು ಬರುತ್ತದಲ್ಲ! ಪಂಪು ಎಳೆಯುವ ರೀತಿಯನ್ನು ನರ್ಸಮ್ಮ ತೋರಿಸುವಾಗ, ಅವರನ್ನು ಕೇಳಿ ವಿಡಿಯೊ ಮಾಡಿಕೊಳ್ಳಿ.

"ದಮ್ಮು ಬೇರುಸಮೇತ ಹೋಗುತ್ತೆ" ಎಂದು ದುಡ್ಡು ಕೇಳುವ ಆಪ್ ನಂಬಬೇಡಿ. ಮಾತಾಡಲೂ ಆಗದಷ್ಟು ದಮ್ಮು ಬಂದರೆ, ತುಟಿ ನೀಲಿಗಟ್ಟಿದರೆ, ಆಪ್ ನೋಡುತ್ತ ಕೂರಬೇಡಿ. ಅದೇ ಫೋನಿನಿಂದ 108ಕ್ಕೆ ಕರೆ ಮಾಡಿಸಿ. ಮಲಗಬೇಡಿ, ನೆಟ್ಟಗೆ ಕೂತಿರಿ. ಗಾಡಿ ಬರುವವರೆಗೆ ಡಾಕ್ಟರು ಹೇಳಿಕೊಟ್ಟಂತೆ ದಮ್ಮು ಇಳಿಸುವ ಪಂಪು ಎಳೆಯುತ್ತಿರಿ.