ವಾಸನೆ ಹಿಡಿದು ವಿಷ ಅಳೆದ ಊರು

ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸಾಲು. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಕಾಡುಗೆಡ್ಡೆಯನ್ನು ಪಳಗಿಸಿ ಹೊಲಕ್ಕೆ ತಂದರು. ಪೆರು ದೇಶದ ಲಿಮಾದಲ್ಲಿ 1971ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದ ತಳಿ ಸಂಗ್ರಹದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬಗೆಯ ಆಲೂಗೆಡ್ಡೆಗಳಿವೆ. ಇಂಥ ನೆಲದ ರೈತರಿಗೆ ಹೊರಗಿನವರು ಹೋಗಿ ಬೆಳೆ ನೋಡಿಕೊಳ್ಳುವ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದಂತೆ ಎಂದು ಯಾರಿಗಾದರೂ ಅನ್ನಿಸೀತು. ತಪ್ಪು ಕಲ್ಪನೆಗಳ ಪಟ್ಟಿ ಇಲ್ಲಿಂದಲೇ ಶುರುವಾಗುತ್ತದೆ.

ಈಕ್ವೆಡಾರ್ ದೇಶದ ಉತ್ತರ ತುದಿಯಲ್ಲಿ, ಕೊಲಂಬಿಯಾ ಗಡಿಗೆ ಅಂಟಿಕೊಂಡು ಕಾರ್ಚಿ ಎಂಬ ಪ್ರಾಂತ್ಯವಿದೆ. ಆ ದೇಶದ ಆಲೂಗೆಡ್ಡೆಯಲ್ಲಿ ದೊಡ್ಡ ಪಾಲು ಬೆಳೆಯುವುದು ಇಲ್ಲಿಯೇ. 1964 ಮತ್ತು 1973ರ ಭೂಸುಧಾರಣಾ ಕಾಯ್ದೆಗಳ ಕಾಲದಲ್ಲಿ ದೊಡ್ಡ ಜಮೀನ್ದಾರಿಕೆ ಒಡೆದು ಸಣ್ಣ ರೈತರ ಕೈಗೆ ಭೂಮಿ ಬಂತು. ಹಿಂದೆಯೇ ಪೇಟೆಯ ತಳಿ, ರಾಸಾಯನಿಕ ಗೊಬ್ಬರ, ಕೀಟನಾಶಕಗಳೂ ಬಂದವು. ಗೆಡ್ಡೆ ಬೆಳೆಯುವ ಅನುಭವ ಸಾವಿರಾರು ವರ್ಷದ್ದು, ನಿಜ. ಆದರೆ ಕಾರ್ಬೋಫ್ಯುರಾನ್ ಜೊತೆಗಿನ ಒಡನಾಟ ಒಂದು ತಲೆಮಾರಿನದ್ದು ಮಾತ್ರ. ಆ ಹೊಸ ವಸ್ತುವಿನ ವಿಷಯದಲ್ಲಿ ಅಜ್ಜನ ಅನುಭವದಿಂದ ಏನೂ ಸಿಗುತ್ತಿರಲಿಲ್ಲ. ಅಂಗಡಿಯವನ ಮಾತೇ ವೇದವಾಯಿತು.

1990ರ ದಶಕದಲ್ಲಿ ಸಂಶೋಧಕರು ಕಾರ್ಚಿಯ ಹೊಲಗಳಿಗೆ ಹೋದಾಗ ಕಂಡದ್ದು ಮೂರು ಹೆಸರು: ಗೆಡ್ಡೆ ಕೊರೆಯುವ ಹುಳುವಿಗೆ ಕಾರ್ಬೋಫ್ಯುರಾನ್, ಎಲೆ ತಿನ್ನುವ ಕೀಟಗಳಿಗೆ ಮೆಥಮಿಡೋಫಾಸ್, ಅಂಗಮಾರಿ ರೋಗಕ್ಕೆ ಮ್ಯಾಂಕೋಜೆಬ್. ಹಲವರು ಇವನ್ನೆಲ್ಲ ಒಂದೇ ಡ್ರಮ್ಮಿನಲ್ಲಿ ಕಲಸಿ ಹೊಡೆಯುತ್ತಿದ್ದರು. ಔಷಧಿಯ ಘಾಟು ಜೋರಾಗಿದ್ದರೆ ಅದು ಜೋರಾದ ವಿಷ, ಘಾಟು ಕಡಿಮೆಯಿದ್ದರೆ ಅಪಾಯ ಕಡಿಮೆ ಎಂಬುದು ಅಲ್ಲಿನ ಬಹುಪಾಲು ರೈತರ ನಂಬಿಕೆ. ಡಬ್ಬಿಯ ಮೇಲಿನ ಬಣ್ಣದ ಪಟ್ಟಿ ವಿಷದ ತೀವ್ರತೆಯನ್ನು ಹೇಳುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿರಲಿಲ್ಲ. ವಾಸನೆಗೂ ವಿಷಕ್ಕೂ ನೇರ ಸಂಬಂಧವಿಲ್ಲ; ತಯಾರಕರು ಬೇಕಾದಂತೆ ವಾಸನೆ ಬದಲಿಸಬಹುದು. ಮೂಗು ಒಪ್ಪಿದ ಮಾತ್ರಕ್ಕೆ ಚರ್ಮ ಹೀರದೆ ಬಿಡುವುದಿಲ್ಲ.

ಇದರ ಅಣ್ಣನಂಥ ಇನ್ನೊಂದು ನಂಬಿಕೆಯೂ ಇತ್ತು: ಔಷಧಿ ಹೊಡೆದು ಹೊಡೆದು ಮೈ ಗಟ್ಟಿಯಾಗುತ್ತದೆ, ತಲೆಸುತ್ತು, ವಾಂತಿ ಎನ್ನುವವನು ಗಂಡಸೇ ಅಲ್ಲ! ಇದನ್ನು ಭಾಷಣದಿಂದ ಅಲುಗಿಸುವುದು ಕಷ್ಟ. ಆರೋಗ್ಯ ತಂಡದವರು ಬೇರೆ ದಾರಿ ಹಿಡಿದರು. ನಿರಪಾಯಕಾರಿಯಾದ, ಅತಿನೇರಳೆ ಬೆಳಕಿನಲ್ಲಿ ಮಾತ್ರ ಹೊಳೆಯುವ ಪುಡಿಯೊಂದನ್ನು ರೈತರ ಬೆನ್ನಿನ ಸ್ಪ್ರೇಯರಿಗೆ ಹಾಕಿದರು. ಎಂದಿನಂತೆ ಔಷಧಿ ಹೊಡೆದು ಮನೆಗೆ ಹೋಗಿ ಎಂದರು. ರಾತ್ರಿ ದೀಪ ಹಿಡಿದು ನೋಡಿದರೆ ಕೈ, ಬೆನ್ನು, ಮುಖ ಮಾತ್ರವಲ್ಲ, ಹೊಲದ ಕಡೆ ಸುಳಿಯದ ಮಕ್ಕಳ ಮೈಮೇಲೂ, ಹಾಸಿಗೆಯ ಮೇಲೂ ಪುಡಿ ಹೊಳೆಯುತ್ತಿತ್ತು. ಹೊಲಕ್ಕೆ ಹೊಡೆದದ್ದು ಹೊಲದಲ್ಲೇ ಉಳಿಯುತ್ತದೆ ಎಂಬ ಭಾವನೆ ಒಂದೇ ರಾತ್ರಿಯಲ್ಲಿ ಬಿದ್ದುಹೋಯಿತು. ಮೈ ಗಟ್ಟಿಯಾಗುತ್ತದೆ ಎಂಬುದಕ್ಕೂ ಪರೀಕ್ಷೆಗಳು ಉತ್ತರ ಕೊಟ್ಟವು: ನೆನಪು, ಗಮನ, ಕೈಕಾಲಿನ ಚುರುಕು ಅಳೆದಾಗ ಬೇಸಾಯದ ಕುಟುಂಬಗಳು ಪೇಟೆಯವರಿಗಿಂತ ಹಿಂದಿದ್ದವು. ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋದ ವಿಷ ನರಗಳನ್ನು ಸವೆಸುತ್ತದೆ. ಅದು ವ್ಯಾಯಾಮವಲ್ಲ.

ಸರಿ, ವಿಷ ಕೆಟ್ಟದ್ದೇ ಇರಬಹುದು. ಆದರೆ ಕಡಿಮೆ ಹೊಡೆದರೆ ಬೆಳೆ ಬರುತ್ತದೆಯೇ? ರೈತನ ನಿಜವಾದ ಪ್ರಶ್ನೆ ಇದು, ಮತ್ತು ನ್ಯಾಯವಾದ ಪ್ರಶ್ನೆ. ಕಾರ್ಚಿಯಲ್ಲಿ ರೈತರು ಹೊಲದಲ್ಲೇ ಸೇರಿ ನೋಡಿ ಕಲಿಯುವ ‘ರೈತ ಕ್ಷೇತ್ರ ಪಾಠಶಾಲೆ’ಗಳಲ್ಲಿ ಒಂದೇ ಕಡೆ ಎರಡು ತಾಕುಗಳನ್ನು ಬೆಳೆದರು. ಒಂದು ಊರಿನ ವಾಡಿಕೆಯಂತೆ, ಇನ್ನೊಂದು ಗಮನಿಸಿ ನಿರ್ಧರಿಸುವ ಕ್ರಮದಲ್ಲಿ. ವಾಡಿಕೆಯ ತಾಕಿಗೆ 12 ಸಲ ಔಷಧಿ ಬಿತ್ತು, ಇನ್ನೊಂದಕ್ಕೆ 7 ಸಲ. ಇಳುವರಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಹೆಕ್ಟೇರಿಗೆ ಸುಮಾರು 19 ಟನ್. ಟನ್ನಿಗೆ ತಗಲುವ ಖರ್ಚು ಮಾತ್ರ ಇಳಿಯಿತು. ಭತ್ತದಲ್ಲಿ ಇದೇ ಪಾಠ ಮೊದಲೇ ಸಿಕ್ಕಿತ್ತು. ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿದಾಗ ಬೆಳೆ ಮುಳುಗಲಿಲ್ಲ. ಅಲ್ಲಿ 1989ರಲ್ಲಿ ಹುಟ್ಟಿದ ಕ್ಷೇತ್ರ ಪಾಠಶಾಲೆಯ ಮಾದರಿಯೇ ಮುಂದೆ ಆಂಡೀಸ್‌ನ ಆಲೂಗೆಡ್ಡೆ ಹೊಲಗಳನ್ನು ತಲುಪಿದ್ದು.

ಹಾಗಾದರೆ ಐದು ಸಲದ ಔಷಧಿಯ ಕೆಲಸವನ್ನು ಮಾಡಿದ್ದು ಯಾರು? ಬಹುಮಟ್ಟಿಗೆ, ಶತ್ರುವಿನ ದಿನಚರಿ ತಿಳಿದುಕೊಂಡ ರೈತರೇ.

ಗೆಡ್ಡೆಯೊಳಗಿನ ಬಿಳಿ ಹುಳು ಮಣ್ಣಿನಲ್ಲಿ ತಾನಾಗಿ ಹುಟ್ಟುತ್ತದೆ ಎಂದು ನಂಬಿದವನು ಮಣ್ಣಿಗೆ ವಿಷ ಸುರಿಯದೆ ಇನ್ನೇನು ಮಾಡಿಯಾನು? ಆ ಹುಳು ಆಂಡೀಸ್ ಸೊಂಡಿಲು ಕೀಟದ ಮರಿ. ದೊಡ್ಡ ಕೀಟಕ್ಕೆ ಹಾರಲು ಬರುವುದಿಲ್ಲ. ಮಳೆ ಶುರುವಾದಾಗ ಹಳೆಯ ಹೊಲದ ಮಣ್ಣಿನಿಂದ ಎದ್ದು, ರಾತ್ರಿ ಹೊತ್ತು ನಡೆದುಕೊಂಡೇ ಹೊಸ ಹೊಲಕ್ಕೆ ಬರುತ್ತದೆ, ಗಿಡದ ಬುಡದಲ್ಲಿ ಮೊಟ್ಟೆಯಿಡುತ್ತದೆ. ಇಷ್ಟು ತಿಳಿದರೆ ದಾರಿಗಳು ತಾವೇ ತೆರೆದುಕೊಳ್ಳುತ್ತವೆ. ಬಿತ್ತುವ ಮುಂಚೆ ರಟ್ಟಿನ ಕೆಳಗೆ ಆಲೂಗೆಡ್ಡೆ ಸೊಪ್ಪಿಟ್ಟು ಕೀಟಗಳನ್ನು ಸೆಳೆದು ಹಿಡಿಯುವುದು, ಕಿತ್ತ ಗೆಡ್ಡೆಯನ್ನು ನೆಲಕ್ಕೆ ರಾಶಿ ಹಾಕದೆ ಹಾಳೆಯ ಮೇಲೆ ಹಾಕುವುದು, ರಾಶಿಯಿದ್ದ ಜಾಗವನ್ನು ಅಗೆದು ಕೋಳಿಗಳನ್ನು ಬಿಡುವುದು. ಪೆರುವಿನಲ್ಲಿ ಹೊಲದ ಸುತ್ತ ಗಿಡ್ಡನೆಯ ಪ್ಲಾಸ್ಟಿಕ್ ಬೇಲಿ ಕಟ್ಟಿ ಪರೀಕ್ಷಿಸಿದರು. ಹಾರಲಾರದ ಕೀಟ ಅಲ್ಲೇ ನಿಂತಿತು. ಕೋಳಿಗೆ ಹುಳು ತಿನ್ನಲು ಯಾವ ತರಬೇತಿಯೂ ಬೇಕಿಲ್ಲ ಎನ್ನುವುದು ಈ ಕ್ರಮದ ದೊಡ್ಡ ಅನುಕೂಲ.

ಅಂಗಮಾರಿಯ ಕಥೆ ಇಷ್ಟು ಸುಲಭದ್ದಲ್ಲ. ಐರ್ಲೆಂಡಿನಲ್ಲಿ 1845ರಿಂದ ಬಡಿದ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ರೋಗ ಇದೇ. ಮಂಜು, ಜಿಟಿಜಿಟಿ ಮಳೆಯೇ ಎಲೆಯನ್ನು ಸುಡುತ್ತದೆ ಎಂದು ಆಂಡೀಸ್ ರೈತರು ತಿಳಿದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಕಣ್ಣಿಗೆ ಕಾಣುವುದು ಮಂಜೇ. ಮಂಜು ದಾರಿ ಮಾಡಿಕೊಡುತ್ತದೆ, ನಿಜ. ಆದರೆ ಕೊಲ್ಲುವುದು ಶಿಲೀಂಧ್ರದಂತೆ ಕಾಣುವ, ನಿಜಕ್ಕೂ ಶಿಲೀಂಧ್ರವಲ್ಲದ ಸೂಕ್ಷ್ಮಜೀವಿ. ಪಾಠಶಾಲೆಯಲ್ಲಿ ರೋಗದ ಎಲೆಯನ್ನು ಆರೋಗ್ಯವಂತ ಎಲೆಗಳ ಜೊತೆ ಒದ್ದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತಾರೆ. ಕೆಲವೇ ದಿನಗಳಲ್ಲಿ ಒಳ್ಳೆಯ ಎಲೆಗಳ ಅಡಿಯಲ್ಲೂ ಬಿಳಿ ಬೂಷ್ಟು ಬಂದಿರುತ್ತದೆ. ಅಲ್ಲಿ ಮಳೆಯಿಲ್ಲ, ಮಂಜಿಲ್ಲ. ರೋಗ ಒಂದು ಎಲೆಯಿಂದ ಇನ್ನೊಂದಕ್ಕೆ ಹೋದದ್ದು ಮಾತ್ರ ಎದುರಿಗಿದೆ.

ಇಲ್ಲಿ ಒಂದು ಎಚ್ಚರಿಕೆ. ಸುಸ್ಥಿರ ಬೇಸಾಯ ಎಂದರೆ ಔಷಧಿಯನ್ನೇ ಮುಟ್ಟದಿರುವುದು ಎಂಬ ಕಲ್ಪನೆ ನಗರದ ಓದುಗರಲ್ಲಿ ಹೆಚ್ಚು. ಅಂಗಮಾರಿಗೆ ಸುಲಭವಾಗಿ ತುತ್ತಾಗುವ ತಳಿಯನ್ನು ಮಳೆಗಾಲದಲ್ಲಿ ಹಾಕಿ ಏನೂ ಹೊಡೆಯದೆ ಕೂತರೆ ಬೆಳೆ ಉಳಿಯುವುದಿಲ್ಲ. ಲಿಮಾ ಕೇಂದ್ರದವರು ಕೈಯಲ್ಲಿ ಹಿಡಿದು ತಿರುಗಿಸುವ ಬಣ್ಣದ ಚಕ್ರಗಳನ್ನು ಮಾಡಿದ್ದಾರೆ. ತಳಿ ಎಷ್ಟು ರೋಗ ತಡೆಯುತ್ತದೆ, ಮಳೆ ಎಷ್ಟಾಯಿತು, ಹಿಂದಿನ ಸಲ ಹೊಡೆದು ಎಷ್ಟು ದಿನವಾಯಿತು ಎಂಬುದಕ್ಕೆಲ್ಲ ಅಂಕ ಕೊಟ್ಟು ಕೂಡಿಸಿದರೆ ಇವತ್ತು ಹೊಡೆಯಬೇಕೋ ಬೇಡವೋ ತಿಳಿಯುತ್ತದೆ. ಓದು ಬರಹ ಕಡಿಮೆ ಬಲ್ಲವರೂ ಬಳಸಬಲ್ಲ ಸಾಧನ. ರೋಗ ನಿರೋಧಕ ತಳಿ ಸಿಕ್ಕಿತೆಂದು ನಿಶ್ಚಿಂತೆಯಾಗಿರುವುದೂ ಸಲ್ಲ. ನಮ್ಮ ಹಾಸನದವರಿಗೆ ಚೆನ್ನಾಗಿ ಗೊತ್ತಿರುವ ಕುಫ್ರಿ ಜ್ಯೋತಿ 1968ರಲ್ಲಿ ಬಂದಾಗ ಅಂಗಮಾರಿಯನ್ನು ತಡೆಯುತ್ತಿತ್ತು. ರೋಗಾಣು ಬದಲಾಯಿತು, ಆ ಶಕ್ತಿ ಉಳಿಯಲಿಲ್ಲ.

ಮಣ್ಣಿನ ವಿಚಾರದಲ್ಲಿ ಹೆಚ್ಚು ಉತ್ತರೆ ಹೆಚ್ಚು ಫಲ ಎಂಬ ನಂಬಿಕೆ ಎಲ್ಲ ಕಡೆಯದು. ಕಾರ್ಚಿಯ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಉಳುಮೆ ಮೇಲ್ಮಣ್ಣನ್ನು ಕೆಳಗಿಳಿಸಿತು. ಅಲ್ಲಿ ಹಿಂದಿನವರು ಬಿಟ್ಟುಹೋದ ‘ವಾಚು ರೊಸಾಡೊ’ ಎಂಬ ಪದ್ಧತಿಯಿದೆ: ಹುಲ್ಲಿನ ಪದರವನ್ನು ಕತ್ತರಿಸಿ, ಮಗುಚಿ ಏರುಮಡಿ ಮಾಡಿ, ಮಧ್ಯೆ ಗೆಡ್ಡೆ ಇಡುವುದು. ಉಳುಮೆ ಅತ್ಯಲ್ಪ, ಹುಲ್ಲು ಕೊಳೆತು ಗೊಬ್ಬರವಾಗುತ್ತದೆ, ನೀರು ಬಸಿಯುತ್ತದೆ. ತರಬೇತಿಯ ಹೆಸರಲ್ಲಿ ಬಂದವರು ಇಲ್ಲಿ ಕಲಿಸುವುದಕ್ಕಿಂತ ಕಲಿತದ್ದೇ ಹೆಚ್ಚು.

ಕೊನೆಯ ಭ್ರಮೆ ರೈತರದ್ದಲ್ಲ, ಯೋಜನೆ ಬರೆಯುವವರದ್ದು. ಒಬ್ಬನಿಗೆ ಕಲಿಸಿದರೆ ಸಾಕು, ಊರೆಲ್ಲ ಹರಡುತ್ತದೆ ಎಂದು ಅವರು ಲೆಕ್ಕ ಹಾಕುತ್ತಾರೆ. ಪೆರುವಿನ ಕಹಮಾರ್ಕಾದ ಆಲೂಗೆಡ್ಡೆ ರೈತರ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾಠಶಾಲೆಗೆ ಹೋದವರ ತಿಳಿವಳಿಕೆ ಸ್ಪಷ್ಟವಾಗಿ ಹೆಚ್ಚಿತ್ತು. ಆದರೆ ಜಗತ್ತಿನ ಹಲವು ದೇಶಗಳ ಪಾಠಶಾಲೆಗಳನ್ನು ಒಟ್ಟಿಗೆ ತೂಗಿ ನೋಡಿದ 2014ರ ಸಮೀಕ್ಷೆ, ಭಾಗವಹಿಸಿದವರಿಗೆ ಲಾಭವಾದರೂ ನೆರೆಯವರಿಗೆ ಅದು ತಾನಾಗಿ ದಾಟಿದ್ದಕ್ಕೆ ಪುರಾವೆ ಕಾಣಲಿಲ್ಲ ಎಂದಿತು. ಕಾರಣ ಸರಳ. ‘ಹದಿನೈದು ದಿನಕ್ಕೊಮ್ಮೆ ಹೊಡಿ’ ಎಂಬ ಸಲಹೆ ಬಾಯಿಂದ ಬಾಯಿಗೆ ಹೋಗುತ್ತದೆ. ಚೀಲದೊಳಗಿನ ಎಲೆಯನ್ನು ಕಣ್ಣಾರೆ ಕಂಡ ಅನುಭವ ಹಾಗೆ ಹೋಗುವುದಿಲ್ಲ.

ಕಾರ್ಬೋಫ್ಯುರಾನ್ ನಮಗೂ ಹೊಸದಲ್ಲ. ಫ್ಯುರಡಾನ್ ಗುಳಿಗೆ ಎಂದರೆ ಹಳ್ಳಿಯ ಮಕ್ಕಳಿಗೂ ಗೊತ್ತು. ಕೇಂದ್ರ ಸರ್ಕಾರ 2023ರ ಆದೇಶದಲ್ಲಿ ಅದರ ಶೇ 3ರ ಗುಳಿಗೆ ರೂಪವೊಂದನ್ನು ಬಿಟ್ಟು ಉಳಿದವನ್ನು ನಿಲ್ಲಿಸಿದೆ. ನಮ್ಮ ಔಷಧಿ ಡಬ್ಬಿಗಳ ಮೇಲೂ ಬಣ್ಣದ ತ್ರಿಕೋನ ಇರುತ್ತದೆ: ಕೆಂಪು ಅತ್ಯಂತ ತೀವ್ರ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಮುಂದಿನ ಸಲ ಅಂಗಡಿಯಲ್ಲಿ ಮುಚ್ಚಳ ತೆಗೆದು ಮೂಸುವ ಬದಲು ಆ ತ್ರಿಕೋನ ನೋಡಿ ಕೊಳ್ಳಿ. ಬಟ್ಟೆ ಒಗೆಯುವವರಿಗೂ, ಮಕ್ಕಳಿಗೂ ಅದರ ಅರ್ಥ ಹೇಳಿಕೊಡಿ.