ಹರಿದ ಶೀಟಿಗೆ ಇಸ್ತ್ರಿ ಪೆಟ್ಟಿಗೆ, ಬೀಜದ ಚೀಲಕ್ಕೆ ಮೇಣದಬತ್ತಿ

ಅಜೋಲ್ಲಾ ತೊಟ್ಟಿಯ ಶೀಟಿಗೆ ನಾಯಿ ಉಗುರು ತಾಗಿ ತೂತು ಬಿದ್ದರೆ ನಾವು ಮೊದಲು ಹುಡುಕೋದು ಸೈಕಲ್ ಪಂಕ್ಚರ್ ಸೊಲ್ಯೂಷನ್. ಹಚ್ಚಿ, ಒಣಗಿಸಿ, ನೀರು ಬಿಟ್ಟರೆ ನಾಲ್ಕು ದಿನದಲ್ಲಿ ತೇಪೆ ನೀರಿನ ಮೇಲೆ ತೇಲ್ತಿರುತ್ತೆ. ಸೊಲ್ಯೂಷನ್ ಕಳಪೆ ಅಂತ ಅಂಗಡಿಯವನನ್ನು ಬೈದು ಪ್ರಯೋಜನ ಇಲ್ಲ. ಪಾಲಿಥೀನ್ ಮೈಯೇ ಮೇಣದ ಹಾಗೆ, ಮಾಮೂಲಿ ಅಂಟು ಯಾವುದೂ ಅದಕ್ಕೆ ಹಿಡಿಯಲ್ಲ. ಪಾಲಿಥೀನಿಗೆ ಪಾಲಿಥೀನೇ ಅಂಟು. ಎರಡು ಪದರವನ್ನು ಬಿಸಿ ಮಾಡಿ, ಕರಗುವ ಹೊತ್ತಿಗೆ ಒತ್ತಿ ಹಿಡಿದು, ಆರಲು ಬಿಟ್ಟರೆ ಎರಡೂ ಸೇರಿ ಒಂದೇ ಆಗುತ್ತವೆ. ಇಷ್ಟಕ್ಕೆ ಮನೆಯ ಇಸ್ತ್ರಿ ಪೆಟ್ಟಿಗೆ ಸಾಕು.

ಆದರೆ ಬಿಸಿ ಮಾಡುವ ಮೊದಲು ಕೈಯಲ್ಲಿರುವುದು ಯಾವ ಪ್ಲಾಸ್ಟಿಕ್ ಅಂತ ಗೊತ್ತಿರಲೇಬೇಕು. ತೆಳು, ಮೆತ್ತನೆಯ ಎಲ್‌ಡಿಪಿಇ ಶೀಟು ಸುಮಾರು 110 ಡಿಗ್ರಿಗೆ ಕರಗುತ್ತದೆ. ಸ್ವಲ್ಪ ಬಿರುಸಾದ ಎಚ್‌ಡಿಪಿಇ 130ರ ಆಸುಪಾಸು. ಪಾಲಿಪ್ರೊಪಿಲೀನ್ 160ರ ಹತ್ತಿರ. ಬೇರೆ ಬೇರೆ ಜಾತಿಯ ಎರಡು ತುಂಡನ್ನು ಬೆಸೆಯಲು ಹೋಗಬೇಡಿ, ಅಂಟಿದ ಹಾಗೆ ಕಂಡರೂ ಎಳೆದರೆ ಬಿಟ್ಟುಕೊಳ್ಳುತ್ತವೆ. ತೇಪೆಗೆ ಅದೇ ಶೀಟಿನ ಅಂಚಿನಿಂದಲೇ ಒಂದು ತುಂಡು ಕತ್ತರಿಸಿಕೊಳ್ಳುವುದು ಒಳ್ಳೆಯದು.

ಮುಟ್ಟಲೇಬಾರದ್ದು ಪಿವಿಸಿ. ಜಾತ್ರೆ, ಚುನಾವಣೆ ಮುಗಿದ ಮೇಲೆ ಊರೂರಲ್ಲಿ ಸಿಗುವ ಫ್ಲೆಕ್ಸ್ ಬ್ಯಾನರ್ ಇದೆಯಲ್ಲ, ಮೇವಿನ ಬಣವೆಗೆ ಹೊದಿಸ್ತೀವಲ್ಲ, ಅದು ಪಿವಿಸಿ ಲೇಪನದ ಬಟ್ಟೆ. ಅದನ್ನು ಹೆಚ್ಚು ಕಾಯಿಸಿದರೆ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಕಣ್ಣು, ಗಂಟಲು, ಶ್ವಾಸಕೋಶ ಎಲ್ಲಕ್ಕೂ ಕೆಟ್ಟದ್ದು. ಅನುಮಾನ ಬಂದರೆ ಒಂದು ಸಣ್ಣ ಚೂರು ಕತ್ತರಿಸಿ ನೀರಿನ ಲೋಟದಲ್ಲಿ ಮುಳುಗಿಸಿ, ಗುಳ್ಳೆ ಅಂಟಿದ್ದರೆ ಬೆರಳಲ್ಲಿ ಒರೆಸಿ ಬಿಡಿ. ಪಾಲಿಥೀನ್ ಸಾಮಾನ್ಯವಾಗಿ ಮೇಲೆ ತೇಲುತ್ತದೆ, ಪಿವಿಸಿ ಮುಳುಗುತ್ತದೆ. ಮುಳುಗಿದ್ದನ್ನು ಇಸ್ತ್ರಿ ಹತ್ತಿರ ತರಬೇಡಿ.

ಇನ್ನು ಕೆಲಸ. ಶೀಟನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಮಣ್ಣು, ಪಾಚಿ, ಎಣ್ಣೆ, ತೇವ ಏನೇ ಇದ್ದರೂ ಬೆಸುಗೆ ಹಿಡಿಯಲ್ಲ. ನೇರವಾದ ಮರದ ರೀಪು ಅಥವಾ ಹಲಗೆ ಮೇಲೆ ಎರಡು ಅಂಚುಗಳನ್ನು ಎರಡು ಇಂಚು ಒಂದರ ಮೇಲೊಂದು ಬರುವಂತೆ ಹಾಸಿ. ಕೆಳಗೊಂದು, ಮೇಲೊಂದು ಬೇಕರಿಯವರು ಬಳಸುವ ಬಟರ್ ಪೇಪರ್ ಇಡಿ. ನ್ಯೂಸ್ ಪೇಪರ್ ಇಟ್ಟರೆ ಕೆಲವೊಮ್ಮೆ ಕಾಗದವೇ ಪ್ಲಾಸ್ಟಿಕ್ಕಿಗೆ ಅಂಟಿ ಕೂರುತ್ತದೆ, ಶಾಯಿ ಬೇರೆ. ಟೆಫ್ಲಾನ್ ಹಾಳೆ ಸಿಕ್ಕಿದರೆ ಇನ್ನೂ ಚೆನ್ನ, ಪದೇ ಪದೇ ಬಳಸಬಹುದು.

ಇಸ್ತ್ರಿಯನ್ನು ಸಿಂಥೆಟಿಕ್ ಮತ್ತು ರೇಷ್ಮೆ ಗುರುತಿನ ನಡುವೆ ಇಟ್ಟು ಶುರು ಮಾಡಿ. ಬಟ್ಟೆಗೆ ಉಜ್ಜಿದ ಹಾಗೆ ಉಜ್ಜಬಾರದು, ಶೀಟು ನೆರಿಗೆ ಕಟ್ಟುತ್ತದೆ. ಇಟ್ಟು ಒತ್ತಿ, ಐದಾರು ಸೆಕೆಂಡ್ ಬಿಟ್ಟು ಎತ್ತಿ, ಮುಂದಕ್ಕೆ ಇಡಿ. ಪ್ರತಿ ಸಲ ಹಿಂದಿನ ಜಾಗದ ಮೇಲೆ ಒಂದಿಂಚು ಹತ್ತಿ ಬರಲಿ. ಎತ್ತಿದ ಕೂಡಲೇ ಬಿಸಿ ಜಾಗದ ಮೇಲೆ ಇನ್ನೊಂದು ರೀಪು ಇಟ್ಟು ಆರುವವರೆಗೆ ಅದುಮಿ ಹಿಡಿಯಿರಿ. ಬಹಳ ಜನ ಅವಸರ ಮಾಡಿ ಬಿಸಿಯಲ್ಲೇ ಕಾಗದ ಕಿತ್ತು ನೋಡ್ತಾರೆ, ಬೆಸುಗೆ ಹಾಳಾಗುವುದು ಅಲ್ಲೇ. ಬೆಸುಗೆಗೆ ಗಟ್ಟಿ ಬರುವುದು ಕಾಯುವಾಗ ಅಲ್ಲ, ಆರುವಾಗ.

ಮೊದಲು ಬೇಡದ ತುಂಡಿನ ಮೇಲೆ ಪರೀಕ್ಷೆ ಮಾಡಿ. ಆರಿದ ಮೇಲೆ ಎರಡೂ ಕಡೆ ಹಿಡಿದು ಜೋರಾಗಿ ಎಳೆಯಿರಿ. ಪದರಗಳು ಸಿಪ್ಪೆ ಸುಲಿದ ಹಾಗೆ ಬಿಟ್ಟುಕೊಂಡರೆ ಶಾಖ ಸಾಲದು. ಶೀಟು ಸುಕ್ಕಾಗಿ ಅಂಚು ತೆಳುವಾಗಿದ್ದರೆ ಶಾಖ ಜಾಸ್ತಿ. ಬೆಸುಗೆ ಹಾಗೇ ಉಳಿದು ಪಕ್ಕದ ಶೀಟು ಹಿಗ್ಗಿತು ಅಂದ್ರೆ ಸರಿಯಾಗಿದೆ, ಆ ಗುರುತಿನಲ್ಲೇ ಮುಂದುವರಿಯಿರಿ. ಹಳ್ಳಿಯ ಕರೆಂಟಲ್ಲಿ ವೋಲ್ಟೇಜ್ ಬಿದ್ದಾಗ ಇಸ್ತ್ರಿ ಕಾಯುವುದು ನಿಧಾನ. ಲೈಟ್ ಆರಿ ಪೆಟ್ಟಿಗೆ ಬಿಸಿಗೆ ಬಂದ ಮೇಲೇ ಇಡಿ. ಇದ್ದಿಲು ಇಸ್ತ್ರಿಯಲ್ಲೂ ಆಗುತ್ತದೆ, ಆದರೆ ಶಾಖ ನಮ್ಮ ಹಿಡಿತದಲ್ಲಿ ಇರಲ್ಲ, ಕಾಗದ ಎರಡು ಪದರ ಬೇಕು.

ತೇಪೆಯಾದರೆ ತೂತಿಗಿಂತ ಸುತ್ತಲೂ ಎರಡು ಇಂಚು ದೊಡ್ಡದಿರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆಯಿಂದಲೇ ಏಳುವುದು ಶುರುವಾಗುತ್ತದೆ. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದು, ಮಡಚಿದರೆ ಚರಚರ ಬಿರಿಯುವ ಶೀಟಿಗೆ ಯಾವ ತೇಪೆಯೂ ದಂಡ. ಪಟ್ಟಿ ಪಟ್ಟಿಯಾಗಿ ನೇಯ್ದ ತಾಡಪಾಲನ್ನು ಹೊಲಿಸುವುದೇ ಸರಿ, ಇಸ್ತ್ರಿ ಇಟ್ಟರೆ ಎಳೆಗಳು ಮುದುಡುತ್ತವೆ.

ಕೃಷಿ ಹೊಂಡದ 500 ಮೈಕ್ರಾನ್ ಶೀಟಿಗೂ ಇದೇ ಮಾಡಬಹುದಾ ಅಂದರೆ, ಬೇಡ. ಹೊಂಡದ ನೀರಿನ ಭಾರ ಇಸ್ತ್ರಿ ಬೆಸುಗೆ ತಡೆಯುವಂಥದ್ದಲ್ಲ, ಸೋರಿದರೆ ಒಂದು ಮಳೆಗಾಲದ ನೀರೇ ಹೋಯ್ತು. ಅದಕ್ಕೆ ಬಿಸಿ ಬೆಣೆ ಇರುವ ಯಂತ್ರ ಬೇಕು. ಅದು ಒಟ್ಟೊಟ್ಟಿಗೆ ಎರಡು ಸಾಲು ಬೆಸುಗೆ ಹಾಕಿ ನಡುವೆ ಸಣ್ಣ ಕಾಲುವೆ ಬಿಡುತ್ತದೆ. ಆ ಕಾಲುವೆಗೆ ಗಾಳಿ ತುಂಬಿ, ಒತ್ತಡ ಇಳಿಯುತ್ತದಾ ಅಂತ ನೋಡಿದರೆ ಸೋರಿಕೆ ಅಲ್ಲೇ ಗೊತ್ತಾಗುತ್ತದೆ. ಹೊಂಡ ಮಾಡಿಸುವಾಗ ಈ ಪರೀಕ್ಷೆ ಕಣ್ಣೆದುರು ಮಾಡಿಸಿ, ಆಮೇಲೆ ದುಡ್ಡು ಕೊಡಿ.

ಈಗ ಬೀಜದ ವಿಷಯ. ಈ ಬೆಸುಗೆ ಕಲಿತಿದ್ದರ ನಿಜವಾದ ಲಾಭ ನನಗೆ ಕಾಣುವುದು ಇಲ್ಲಿ. ಮನೆಯ ನಾಟಿ ಅವರೆ, ಅಲಸಂದೆ ಬೀಜ ಹುಳ ಹಿಡಿದು ಹೋದರೆ ಯಾವ ಅಂಗಡಿಯಲ್ಲೂ ಅದು ಮತ್ತೆ ಸಿಗಲ್ಲ. ಹುಳ ಹೊಲದಲ್ಲೇ ಕಾಯಿ ಮೇಲೆ ಮೊಟ್ಟೆ ಇಟ್ಟು, ಬೀಜದ ಜೊತೆಗೇ ಮನೆಗೆ ಬರುತ್ತದೆ. ನೋಡಲು ಬೀಜ ಚೊಕ್ಕ ಇರುತ್ತೆ, ಎರಡು ತಿಂಗಳಲ್ಲಿ ತೂತು ತೂತು. ಗಾಳಿಯಾಡದ ಚೀಲದಲ್ಲಿ ತುಂಬಿಟ್ಟರೆ ಒಳಗಿನ ಹುಳಗಳೇ ಇರುವ ಆಮ್ಲಜನಕ ಉಸಿರಾಡಿ ಮುಗಿಸಿ, ಅಲ್ಲೇ ನಿಂತುಬಿಡುತ್ತವೆ. ಆಫ್ರಿಕಾದ ಕ್ಯಾಮರೂನ್‌ನಲ್ಲಿ 1980ರ ದಶಕದ ಕೊನೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಅಲಸಂದೆಗೆಂದೇ ರೂಪಿಸಿದ ಪಿಕ್ಸ್ ಚೀಲದ ಗುಟ್ಟೂ ಇದೇ: ಒಳಗೆ 80 ಮೈಕ್ರಾನಿನ ಎರಡು ಪಾಲಿಥೀನ್ ಚೀಲ, ಹೊರಗೆ ನೇಯ್ದ ಚೀಲ.

ಪ್ಲಾಸ್ಟಿಕ್ ಅಂಗಡಿಯಲ್ಲಿ ಮೈಕ್ರಾನ್ ಅಂದರೆ ಕೆಲವರಿಗೆ ತಿಳಿಯಲ್ಲ, ಗೇಜ್ ಲೆಕ್ಕ ಹೇಳ್ತಾರೆ. 100 ಗೇಜ್ ಅಂದ್ರೆ ಸುಮಾರು 25 ಮೈಕ್ರಾನ್. ಬೀಜಕ್ಕೆ 300ರಿಂದ 400 ಗೇಜಿನ ಚೀಲ ಕೇಳಿ, ಒಂದರೊಳಗೊಂದು ಎರಡು ಹಾಕಿ. ತರಕಾರಿ ತರುವ ತೆಳು ಕವರ್ ಬೇಡ.

ಸೀಲ್ ಮಾಡುವುದಕ್ಕೆ ಮೇಣದಬತ್ತಿ ಮತ್ತು ಎರಡು ಹ್ಯಾಕ್ಸಾ ಬ್ಲೇಡ್ ಸಾಕು. ಬೀಜ ತುಂಬಿ, ಗಾಳಿ ಪೂರ್ತಿ ಹಿಂಡಿ ತೆಗೆದು, ಚೀಲದ ಬಾಯನ್ನು ಎರಡು ಬ್ಲೇಡ್ ನಡುವೆ ಬಿಗಿಯಾಗಿ ಹಿಡಿಯಿರಿ. ಹೊರಗೆ ಎರಡು ಮೂರು ಮಿಲಿಮೀಟರ್ ಅಷ್ಟೇ ಚಾಚಿರಲಿ. ಆ ಅಂಚನ್ನು ಜ್ವಾಲೆಯ ಪಕ್ಕದಲ್ಲಿ ನಿಲ್ಲಿಸದೆ ಒಂದೇ ವೇಗದಲ್ಲಿ ಸಾಗಿಸಿದರೆ ಕರಗಿ ಸಣ್ಣ ಮಣಿಸಾಲಿನ ಹಾಗೆ ಕೂಡಿಕೊಳ್ಳುತ್ತದೆ. ಹೊತ್ತಿಕೊಂಡರೆ ಊದಿ ಆರಿಸಿ, ವೇಗ ಹೆಚ್ಚಿಸಿ. ಮೊದಲು ಖಾಲಿ ಚೀಲಕ್ಕೆ ಗಾಳಿ ತುಂಬಿ ಸೀಲ್ ಮಾಡಿ, ನೀರಲ್ಲಿ ಅದುಮಿ ನೋಡಿ, ಗುಳ್ಳೆ ಬರಬಾರದು. ವರ್ಷಕ್ಕೆ ನೂರಾರು ಪ್ಯಾಕೆಟ್ ಮಾಡುವ ಗುಂಪಾದರೆ ಕೈಯಲ್ಲಿ ಒತ್ತುವ ಸೀಲಿಂಗ್ ಮಷೀನನ್ನು ನಾಲ್ಕು ಜನ ಸೇರಿ ತಗೊಳ್ಳಿ. ಅದರಲ್ಲೂ ಲೈಟ್ ಆರಿದ ಮೇಲೆ ಎರಡು ಸೆಕೆಂಡ್ ಒತ್ತಿ ಹಿಡಿದೇ ಬಿಡಬೇಕು.

ಸೀಲ್ ಎಷ್ಟೇ ಚೆನ್ನಾಗಿದ್ದರೂ ಒಣಗದ ಬೀಜವನ್ನು ತುಂಬಿದರೆ ಬೂಸ್ಟು ಹಿಡಿದು ಮೊಳಕೆ ಶಕ್ತಿಯೇ ಹೋಗುತ್ತದೆ. ತೆರೆದ ಚೀಲದಲ್ಲಿ ಬದುಕುತ್ತಿದ್ದ ಬೀಜ ಮುಚ್ಚಿದ ಚೀಲದಲ್ಲಿ ಸಾಯುತ್ತದೆ. ಹಲ್ಲಲ್ಲಿ ಕಚ್ಚಿದರೆ ಮೆತ್ತಗೆ ಅಪ್ಪಚ್ಚಿ ಆಗದೆ ‘ಟಕ್’ ಅಂತ ಮುರಿಯಬೇಕು. ತೇವ ಅಳೆಯುವ ಮೀಟರ್ ಸಿಕ್ಕಿದರೆ ದ್ವಿದಳ ಬೀಜಕ್ಕೆ 8-9 ಪರ್ಸೆಂಟ್ ನೋಡಿ. ಬಿಸಿಲಿಂದ ತಂದ ಕೂಡಲೇ ತುಂಬಬೇಡಿ, ನೆರಳಲ್ಲಿ ಆರಲಿ, ಇಲ್ಲದಿದ್ದರೆ ಒಳಗೆ ಬೆವರುತ್ತದೆ. ಶುಂಠಿ, ಅರಿಶಿನದಂಥ ಬಿತ್ತನೆ ಗೆಡ್ಡೆಗಳಿಗೆ ಈ ವಿಧಾನ ಬೇಡವೇ ಬೇಡ, ಉಸಿರುಗಟ್ಟಿ ಕೊಳೆಯುತ್ತವೆ.

ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ತಾಗಿದರೆ ಎಣ್ಣೆಯ ಹಾಗೆ ಜಾರಲ್ಲ, ಅಲ್ಲೇ ಅಂಟಿ ಸುಡುತ್ತಲೇ ಇರುತ್ತದೆ. ಕೂಡಲೇ ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಕಿತ್ತು ತೆಗೆಯಬೇಡಿ, ಪೇಸ್ಟ್ ಹಚ್ಚಬೇಡಿ, ಡಾಕ್ಟರ ಹತ್ತಿರ ಹೋಗಿ. ಕೆಲಸವನ್ನು ಗಾಳಿ ಆಡುವ ಜಗಲಿಯಲ್ಲಿ ಮಾಡಿ, ಮೇವು, ಹುಲ್ಲು, ಮಕ್ಕಳು ದೂರ ಇರಲಿ.

ಸೀಲ್ ಆದ ಚೀಲದ ಮೇಲೆ ತಳಿ ಹೆಸರು, ತುಂಬಿದ ತಾರೀಕು ಬರೆದು ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿಡಿ. ಹುಳಕ್ಕೆ ಪ್ಲಾಸ್ಟಿಕ್ ಸಾಕು, ಇಲಿಗೆ ತಗಡೇ ಬೇಕು.