ಚಕ್ರದೊಳಗಿನ ಗಾಳಿ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ನಾನು ವಿಜ್ಞಾನ ಪಾಠ ಮಾಡಿದವನು. ಆದುದರಿಂದ ಒಂದು ಪಾಠವನ್ನೇ ಬರೆಯುತ್ತೇನೆ. ಇದನ್ನು ನಾನು ತರಗತಿಯಲ್ಲಿ ಕಲಿಸಲಿಲ್ಲ. ನಿವೃತ್ತನಾದ ಮೇಲೆ ಒಬ್ಬ ಶಿಷ್ಯನಿಂದ ಕಲಿತೆ. ಶಿಷ್ಯನಿಗೆ ಸೋಲುವುದು ಗುರುವಿಗೆ ಸಂತೋಷವೆಂದು ಹಿರಿಯರು ಹೇಳುತ್ತಾರೆ. ಈ ಸಂತೋಷದಲ್ಲಿ ನನಗೆ ಸ್ವಲ್ಪ ವ್ಯಸನವೂ ಬೆರೆತಿದೆ. ಅದನ್ನು ಕೊನೆಯಲ್ಲಿ ಹೇಳುವೆನು.

ಕೆಲವು ವರ್ಷಗಳ ಹಿಂದೆ, ಕೊಯಮತ್ತೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಸಣ್ಣ ಕಾರಿನಲ್ಲಿ ಊರಿಗೆ ಬಂದಿದ್ದನು. ನಮಸ್ಕಾರ ಮಾಡಿ, "ಸಾರ್, ನಿಮ್ಮ ಹತ್ತಿರ ಸೀಮೆಸುಣ್ಣ ಇದೆಯಾ?" ಎಂದು ಕೇಳಿದನು. "ಏನಪ್ಪಾ, ಈಗ ಪಾಠ ಮಾಡುತ್ತೀಯಾ?" ಎಂದೆ. "ಇಲ್ಲ ಸಾರ್, ಟೈರಿಗೆ ಬಳಿಯಬೇಕು" ಎಂದನು. ಅವನು ಹವ್ಯಾಸಕ್ಕಾಗಿ ಆಟೋಕ್ರಾಸ್ ಎಂಬ ಸ್ಪರ್ಧೆಯಲ್ಲಿ ಭಾಗವಹಿಸುತ್ತಿದ್ದನು. ಬಯಲಿನಲ್ಲಿ ತಿರುವುಮುರುವಾದ ಒಂದು ಚಿಕ್ಕ ಹಾದಿಯನ್ನು ಗುರುತು ಮಾಡಿರುತ್ತಾರೆ. ಅದರಲ್ಲಿ ಗಡಿಯಾರಕ್ಕೆ ಎದುರಾಗಿ ಓಡಬೇಕು; ಕಡಿಮೆ ಸಮಯದಲ್ಲಿ ಮುಗಿಸಿದವನು ಗೆದ್ದನು. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಮಣ್ಣಿನ ನೆಲದಲ್ಲಿ, ಅಮೆರಿಕದಲ್ಲಿ ಡಾಂಬರು ಬಯಲಿನಲ್ಲಿ ನಡೆಯುತ್ತದೆ. ಮೋಟಾರು ಪಂದ್ಯಗಳ ಹುಚ್ಚು ಕೊಯಮತ್ತೂರಿಗೆ ಹೊಸದಲ್ಲ. ಪಂದ್ಯದ ಕಾರುಗಳನ್ನು ಅಲ್ಲಿಯೇ ನಿರ್ಮಿಸಿದ, 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಕರಿವರ್ಧನ್ ಅವರ ಹೆಸರಿನಲ್ಲಿ ಒಂದು ಓಟದ ಪಥವೇ ಇದೆ. 2005ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕಿಳಿದ ಪ್ರಥಮ ಭಾರತೀಯ ನಾರಾಯಣ್ ಕಾರ್ತಿಕೇಯನ್ ಆ ಊರಿನವರೇ.

ಗಾಳಿ ಹೊರುವ ಭಾರ

ಗಾಳಿ ತುಂಬಿದ ಚಕ್ರದ ಕಲ್ಪನೆಗೆ 1845ರಲ್ಲಿ ಬ್ರಿಟನ್ನಿನ ರಾಬರ್ಟ್ ಥಾಮ್ಸನ್ ಎಂಬಾತನು ಹಕ್ಕುಪತ್ರ ಪಡೆದನು. ಲೋಕವು ಅದನ್ನು ಮರೆಯಿತು. 1887ರಲ್ಲಿ ಬೆಲ್ಫಾಸ್ಟ್ ನಗರದ ಪಶುವೈದ್ಯ ಜಾನ್ ಡನ್‌ಲಪ್, ತನ್ನ ಮಗನ ಮೂರುಚಕ್ರದ ಸೈಕಲ್ಲಿಗಾಗಿ ಅದನ್ನು ಪುನಃ ಕಂಡುಹಿಡಿದನು.

ಪಂಕ್ಚರ್ ಅಂಗಡಿಯಲ್ಲಿ "ಮೂವತ್ತು ಪೌಂಡು ಗಾಳಿ ಹಾಕು" ಎನ್ನುತ್ತೇವೆ. ಇದು ಗಾಳಿಯ ತೂಕವಲ್ಲ. ಒಂದು ಚದರ ಅಂಗುಲದ ಮೇಲೆ ಗಾಳಿಯು ಒತ್ತುವ ಬಲ. ಚಾಲಕನೂ ಸೇರಿ ಒಂದು ಸಾವಿರ ಕಿಲೋ ತೂಗುವ ಕಾರಿನಲ್ಲಿ ಒಂದೊಂದು ಚಕ್ರದ ಪಾಲಿಗೆ ಸುಮಾರು 250 ಕಿಲೋ, ಅಂದರೆ 550 ಪೌಂಡು ಬರುತ್ತದೆ. ಇದನ್ನು 30ರಿಂದ ಭಾಗಿಸಿದರೆ 18 ಚದರ ಅಂಗುಲ. ಟೈರಿನ ಸ್ವಂತ ಬಿಗಿಯಿಂದ ಸ್ವಲ್ಪ ವ್ಯತ್ಯಾಸವಾದೀತು; ಆದರೂ ಅಷ್ಟು ದೊಡ್ಡ ವಾಹನವು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಗಳಷ್ಟು ಜಾಗದಲ್ಲಿ ಮಾತ್ರ! ತಿರುಗುವುದು, ನಿಲ್ಲುವುದು, ಮುನ್ನುಗ್ಗುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು.

ಗಾಳಿ ಹೆಚ್ಚಾದರೆ ಟೈರು ನಡುವೆ ಉಬ್ಬಿ, ಹಿಡಿತ ಕುಗ್ಗಿ, ಜಾರುತ್ತದೆ. ಗಾಳಿ ಕಡಿಮೆಯಾದರೆ ತಿರುವಿನಲ್ಲಿ ಟೈರಿನ ಪಕ್ಕದ ಗೋಡೆಯು ಮಡಚಿಕೊಂಡು, ನೆಲ ಮುಟ್ಟಬೇಕಾದ ಮೈ ಬಿಟ್ಟು ಗೋಡೆಯೇ ನೆಲಕ್ಕೆ ಉಜ್ಜುತ್ತದೆ. ಇವೆರಡರ ನಡುವಿನ ಹದವನ್ನು ಕಂಡುಕೊಳ್ಳುವುದೇ ಸ್ಪರ್ಧಾಳುವಿನ ವಿದ್ಯೆ.

ಸೀಮೆಸುಣ್ಣದ ಪರೀಕ್ಷೆ

ಟೈರಿನ ಮೈಯೂ ಪಕ್ಕದ ಗೋಡೆಯೂ ಕೂಡುವ ಅಂಚನ್ನು ಹೆಗಲು ಎನ್ನೋಣ. ಅನೇಕ ಟೈರುಗಳಲ್ಲಿ ಆ ಹೆಗಲಿನ ಬಳಿ ಒಂದು ಸಣ್ಣ ತ್ರಿಕೋನದ ಗುರುತಿರುತ್ತದೆ. ಡಾಂಬರು ಅಥವಾ ಗಟ್ಟಿ ನೆಲದಲ್ಲಿ ಓಡುವ ಮೊದಲು ಹೆಗಲಿನ ಮೇಲೆ ಮೂರು ನಾಲ್ಕು ಕಡೆ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಒಂದು ಸುತ್ತು ಓಡಿ ಬಂದು ನೋಡಬೇಕು. ಗೆರೆಯು ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಹದ ಸರಿಯಾಗಿದೆ. ಅದನ್ನೂ ದಾಟಿ ಗೋಡೆಯ ಮೇಲೆ ಅಳಿಸಿದ್ದರೆ ಗಾಳಿ ಸಾಲದು. ಹೆಗಲಿನ ಮೇಲೆ ಸುಣ್ಣ ಉಳಿದೇ ಇದ್ದರೆ ಗಾಳಿ ಹೆಚ್ಚು. ನಲವತ್ತು ವರ್ಷ ಕರಿಹಲಗೆಯ ಮೇಲೆ ನಾನು ಸವೆಸಿದ ಸುಣ್ಣಕ್ಕೆ ಇಂತಹ ಉಪಯೋಗವಿದೆಯೆಂದು ನನಗೆ ತಿಳಿದಿರಲಿಲ್ಲ.

ಆರಂಭಕ್ಕೆ ಕಾರು ತಯಾರಕರು ಬಾಗಿಲಿನ ಚೌಕಟ್ಟಿನ ಬಳಿ ಅಂಟಿಸಿರುವ ಅಂಕಿಯನ್ನು ಹಿಡಿಯಬೇಕು. ಟೈರಿನ ಮೇಲೆ ಅಚ್ಚಾದ ಗರಿಷ್ಠ ಅಂಕಿಯು ಟೈರು ತಾಳಬಲ್ಲ ಮಿತಿಯೇ ಹೊರತು ಹಾಕಬೇಕಾದ ಪ್ರಮಾಣವಲ್ಲ. ಡಾಂಬರಿನಲ್ಲಿ ಕೆಲವು ಪೌಂಡು ಏರಿಸುವುದು ರೂಢಿ. ಮುಂದಿನ ಚಕ್ರಗಳು ಎಳೆಯುವ ಸಣ್ಣ ಕಾರುಗಳಲ್ಲಿ ಮುಂಭಾಗದ ಭಾರ ಹೆಚ್ಚಾದ್ದರಿಂದ ಅಲ್ಲಿಗೆ ಇನ್ನಷ್ಟು. ಸಡಿಲ ಮಣ್ಣಿನಲ್ಲಿ ಸ್ವಲ್ಪ ಇಳಿಸಿದರೆ ಟೈರು ನೆಲವನ್ನು ಚೆನ್ನಾಗಿ ಕಚ್ಚುತ್ತದೆ. ಆದರೆ ಮಿತಿಮೀರಿ ಇಳಿಸಿದರೆ ಕಲ್ಲಿಗೆ ಬಡಿದು ರಿಮ್ಮು ಸೊಟ್ಟಗಾಗಬಹುದು, ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಲೂಬಹುದು. ಒಮ್ಮೆಗೆ ಎರಡೇ ಪೌಂಡು ಬದಲಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಒಂದೇ ಗೇಜಿನಿಂದ ಅಳೆಯಬೇಕು. ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಪ್ರಯೋಗ, ವೀಕ್ಷಣೆ, ನಿರ್ಣಯ ಎಂದು ನಾವು ಮಕ್ಕಳಿಗೆ ಬರೆಸುತ್ತಿದ್ದುದು ಇದನ್ನೇ ಅಲ್ಲವೇ?

ಬಿಸಿಯ ಲೆಕ್ಕ

ಇಲ್ಲಿ ಒಂದು ತೊಡಕಿದೆ. ಓಡಿದಂತೆ ಟೈರು ಬಿಸಿಯಾಗುತ್ತದೆ. ಬಿಸಿಯಾದ ಗಾಳಿಯ ಒತ್ತಡ ಏರುತ್ತದೆ. ಬೆಳಿಗ್ಗೆ 27 ಡಿಗ್ರಿಯಲ್ಲಿ 30 ಪೌಂಡು ಹಾಕಿದೆವೆಂದು ಇಟ್ಟುಕೊಳ್ಳೋಣ. ಗೇಜು ತೋರಿಸುವುದು ಹೊರಗಿನ ವಾಯುವಿಗಿಂತ ಹೆಚ್ಚಿರುವ ಒತ್ತಡವನ್ನು ಮಾತ್ರ. ಆದುದರಿಂದ ಸಮುದ್ರಮಟ್ಟದ ವಾಯುವಿನ 14.7 ಪೌಂಡನ್ನು ಸೇರಿಸಿದರೆ ಒಟ್ಟು 44.7. ಉಷ್ಣತೆಯನ್ನು ಕೆಲ್ವಿನ್ ಮಾನದಲ್ಲಿ ಹಿಡಿದರೆ 27 ಡಿಗ್ರಿ ಎಂಬುದು 300. ಟೈರು 57 ಡಿಗ್ರಿಗೆ ಏರಿದರೆ 330. ಉಷ್ಣತೆ ಹತ್ತರಲ್ಲಿ ಒಂದು ಪಾಲು ಏರಿತು. ಒತ್ತಡವೂ ಅಷ್ಟೇ ಏರಿ 49.2 ಆಯಿತು. ಹೊರಗಿನ 14.7 ಕಳೆದರೆ ಗೇಜಿನಲ್ಲಿ 34.5.

ಆದ್ದರಿಂದ ಸ್ಪರ್ಧಾಳುಗಳು ಸುತ್ತಿನಿಂದ ಸುತ್ತಿಗೆ ವಾಲ್ವನ್ನು ಒತ್ತಿ, ಏರಿದ ಗಾಳಿಯನ್ನು ಬಿಡುತ್ತಾರೆ. ಸ್ಪರ್ಧೆಗೆ ಅದು ಸರಿ. ಆದರೆ ಬಿಸಿಯಲ್ಲಿ 34.5 ಇದ್ದುದನ್ನು 30ಕ್ಕೆ ಇಳಿಸಿ ಹಾಗೆಯೇ ಬಿಟ್ಟರೆ, ಮರುದಿನ ತಣ್ಣಗಿರುವಾಗ ಗೇಜು 26ರ ಸಮೀಪ ತೋರಿಸುತ್ತದೆ! ಈ ಲೆಕ್ಕವನ್ನು ಹಾಕಿ ತೋರಿಸಿದ ಮೇಲೆ ನನ್ನ ಶಿಷ್ಯನು, "ಆದ್ದರಿಂದ ಸಾರ್, ಪಂದ್ಯ ಮುಗಿದ ಮೇಲೆ ಗಾಳಿ ತುಂಬಿಸದೆ ನಾನು ಘಾಟಿ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ" ಎಂದನು.

ಘಾಟಿಯ ಪಾಠ

ಆಗ ನನ್ನ ಮನಸ್ಸು ಇನ್ನೊಬ್ಬ ಶಿಷ್ಯನ ಕಡೆಗೆ ಹೋಯಿತು. ದಿಂಬಂನಿಂದ ಬಣ್ಣಾರಿಗೆ ಇಳಿಯುವ ಇಪ್ಪತ್ತೇಳು ತಿರುವುಗಳನ್ನು ನಮ್ಮ ಸೀಮೆಯವರಿಗೆ ವರ್ಣಿಸಬೇಕಾಗಿಲ್ಲ. ಹಿಂದೆ 209 ಎಂದೂ ಈಗ 948 ಎಂದೂ ಸಂಖ್ಯೆಯಿರುವ ಆ ರಾಷ್ಟ್ರೀಯ ಹೆದ್ದಾರಿಯಲ್ಲಿ ನಮ್ಮ ಎಲೆಕೋಸು, ಆಲೂಗಡ್ಡೆಗಳು ಸತ್ಯಮಂಗಲದ ಕಡೆಗೆ ಇಳಿಯುತ್ತವೆ. ಅವನು ಎಲೆಕೋಸಿನ ಮೂಟೆಗಳನ್ನು ಮಿತಿಮೀರಿ ತುಂಬಿದ್ದ ಒಂದು ಸಣ್ಣ ಸರಕು ಗಾಡಿಯ ಚಾಲಕ. ಇಳಿಜಾರಿನಲ್ಲಿ ಭಾರವು ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಗಾಳಿ ಕಡಿಮೆಯಿರುವ ಟೈರಿನ ಗೋಡೆಯು ಪ್ರತಿ ಸುತ್ತಿನಲ್ಲಿಯೂ ಮಡಚಿ ಬಿಚ್ಚಿ, ಆ ಮಡಚುವಿಕೆಯಿಂದಲೇ ಕಾಯುತ್ತದೆ. ಪದೇ ಪದೇ ಹಾಕಿದ ಬ್ರೇಕಿನ ಕಾವು ಅದಕ್ಕೆ ಕೂಡುತ್ತದೆ. ಒಂದು ತಿರುವಿನಲ್ಲಿ ಮುಂದಿನ ಟೈರು ಸಿಡಿದು ಗಾಡಿಯು ತಡೆಗೋಡೆಗೆ ಬಡಿಯಿತು. ಪ್ರಾಣ ಉಳಿಯಿತು, ಬಲಗಾಲು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವನು, "ಬೆಳಿಗ್ಗೆಯೇ ನೋಡಿದ್ದೆ ಸಾರ್, ಗಾಳಿ ಕಮ್ಮಿ ಇತ್ತು. ಕೆಳಗೆ ಇಳಿದ ಮೇಲೆ ಹಾಕಿಸೋಣ ಅಂದುಕೊಂಡೆ" ಎಂದನು. ಅನಿಲಗಳ ನಿಯಮವನ್ನು ಅವನಿಗೆ ಬಾಯಿಪಾಠ ಮಾಡಿಸಿದವನು ನಾನೇ. ಪರೀಕ್ಷೆಯಲ್ಲಿ ಅವನು ಅದನ್ನು ತಪ್ಪಿಲ್ಲದೆ ಬರೆದಿದ್ದನು. ಪೂರ್ಣ ಅಂಕಗಳನ್ನೂ ಕೊಟ್ಟಿದ್ದೆ. ಆ ನಿಯಮವು ಅವನ ಗಾಡಿಯ ಟೈರಿನೊಳಗೂ ಇದೆಯೆಂದು ಒಂದು ದಿನವಾದರೂ ಹೇಳಿರಲಿಲ್ಲ. ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಲು ಹೇಳಿದ್ದರೂ ಸಾಕಾಗಿತ್ತು.

ಆದುದರಿಂದ ಇಂದಿನ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಅನಿಲಗಳ ಪಾಠ ಬಂದ ದಿನ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಒಂದು ಗೇಜನ್ನು ಅವರ ಕೈಗೆ ಕೊಡಿರಿ. ವಾಹನವುಳ್ಳ ಹಳೆಯ ವಿದ್ಯಾರ್ಥಿಗಳೇ, ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆಯಿರಿ. ಭಾರ ಹೇರುವಾಗ ತಯಾರಕರು ಪೂರ್ಣಭಾರಕ್ಕೆ ಹೇಳಿದ ಅಂಕಿಗೆ ಏರಿಸಿರಿ. ಇಳಿದ ಮೇಲೆ ಹಾಕಿಸೋಣ ಎನ್ನಬೇಡಿರಿ. ಪಂದ್ಯದಲ್ಲಿ ಹದ ತಪ್ಪಿದರೆ ಕೆಲವು ಕ್ಷಣಗಳು ಹೋಗುತ್ತವೆ. ಘಾಟಿಯಲ್ಲಿ ತಪ್ಪಿದರೆ ಮನೆಯೇ ಹೋಗುತ್ತದೆ.

ನಮ್ಮ ಶಾಲೆಯು ಶತಮಾನೋತ್ಸವವನ್ನೂ ಕಾಣಲಿ. ಇಲ್ಲಿ ಓದಿದ ಮಕ್ಕಳೆಲ್ಲರೂ ಸುಖವಾಗಿ ಘಾಟಿ ಇಳಿದು, ಸುಖವಾಗಿ ಮನೆಗೆ ಮರಳಲಿ ಎಂದು ಹಾರೈಸುತ್ತೇನೆ.